ರಾಜೀಖುಷಿ

ನನಗೆ ಸಿಟ್ಟು ಬೇಗ ಬರುತ್ತದೆ. ಬಸವಂತ್ರಾಯ ಮಾಸ್ತರನ ಸಿಟ್ಟು ಅಂದರೆ ಶಹಾಪುರದ ಶಾಲೆಗೆಲ್ಲ ಗೊತ್ತು, ಹೆಂಡತಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೆ ಬರಬೇಕಾದ ದಿನ ಅದು ಬರಲಿಲ್ಲ. ಅದನ್ನೇ ಹೇಳಬೇಕಾಗಿದೆ.

ನಾವು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ತೆಂಕಣದಿಂದ ಒಬ್ಬ ಸರ್ವೆ ಸಾಹೇಬರು ನಮ್ಮ ಓಣಿಗೆ ಬಂದರು. ಮುಸಲ್ಮಾನರ ಮನೆಗಳವರು ತಮ್ಮ ಓಣಿಯಲ್ಲಿ ತೃಪ್ತರಾಗಿದ್ದಾರೆಯೇ ಎಂದು ಹೊಸ ಸರ್ಕಾರಕ್ಕೆ ತಿಳಿಯಬೇಕಂತೆ. ಸಾಹೇಬರ ಕನ್ನಡ ಇಲ್ಲಿಯವರಿಗೆ ತಿಳಿಯದು, ಇಲ್ಲಿಯವರ ಉರ್ದು ಬೆರೆತ ಕನ್ನಡ ಸಾಹೇಬರಿಗೆ ತಿಳಿಯದು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿ ಈಗ ಕನ್ನಡ ಕಲಿಸುವ ನಾನು ಕೈಗೆ ಸಿಕ್ಕೆ. ಫಾರಂ ತುಂಬುವ ಕೆಲಸವನ್ನೂ ನನಗೇ ಹಚ್ಚಿದರು.

ಮೊದಲ ಮನೆ ಶರೀಫಾಬೀ ಚಾಚಿಯದು. ನಮ್ಮ ಗೋಡೆಗೆ ಅವಳ ಗೋಡೆ ಹತ್ತಿಕೊಂಡಿದೆ. ನಿಜಾಮರ ರಾಜ್ಯ ಬಿದ್ದ ನಲವತ್ತೆಂಟರ ಗದ್ದಲದಲ್ಲಿ ಅವಳ ಗಂಡ ದೋರನಹಳ್ಳಿಗೆ ಹೋದವನು ತಿರುಗಿ ಬರಲಿಲ್ಲ. ಚಾಚಿ ಕೌದಿ ಹೊಲಿದು ಮಗಳು ರಾಬಿಯಾಳನ್ನು ಸಾಕಿದಳು.

"ಈ ಓಣಿಯಲ್ಲಿ ತೃಪ್ತಿ ಇದೆಯಾ, ಕೇಳಿ" ಎಂದರು ಸಾಹೇಬರು.

"ಚಾಚಿ, ಇಲ್ಲಿ ಹ್ಯಾಂಗ ಅದೀರಿ ಅಂತ ಕೇಳಾಕತ್ತಾರ" ಎಂದೆ.

ಚಾಚಿ ತಲೆಯ ಮೇಲೆ ಸೆರಗೆಳೆದುಕೊಂಡಳು. "ರಾಜೀಖುಷಿ ಅದೀವ್ರಿ. ಕುಂದರ್ರಿ, ಚಾ ಕುಡೀರಿ."

ನಮ್ಮ ಕಡೆ ಮನೆಗೆ ಬಂದವರು ಹೇಗಿದ್ದೀರಿ ಎಂದರೆ ಇದೇ ಉತ್ತರ. ಜ್ವರದಲ್ಲಿ ನರಳುವವರೂ ಹೀಗೇ ಅನ್ನುತ್ತಾರೆ. ಅದರಲ್ಲೂ ನಲವತ್ತೆಂಟನ್ನು ಕಂಡ ಹೆಂಗಸು ಸರ್ಕಾರದ ಮನುಷ್ಯನ ಮುಂದೆ ಇನ್ನೇನು ಹೇಳಿಯಾಳು? ಒಂಬತ್ತು ವರ್ಷದಿಂದ ಅವಳು ಎರಡು ಕೊಡ ನೀರಿಗೆ ಕೆರೆಯ ತನಕ ನಡೆಯುತ್ತಾಳೆ. ಪಕ್ಕದಲ್ಲೇ ಬಾವಿ ಇದೆ, ದಾರಿಗೆ ಜಾಲಿಮುಳ್ಳಿನ ಬೇಲಿ ಇದೆ. ಬೇಲಿ ಯಾರದೆಂದು ಆಮೇಲೆ ಹೇಳುತ್ತೇನೆ. ಬೀದಿಯ ಕಂದೀಲು ಓಣಿಯ ಮೂಲೆಗೆ ಬಂದು ನಿಂತಿದೆ, ಅವರ ಮನೆಗಳ ಕಡೆ ತಿರುಗಿಲ್ಲ. ಎಲ್ಲ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ಫಾರಂನಲ್ಲಿ ಎರಡನೆಯ ಪ್ರಶ್ನೆಯೂ ಇತ್ತು: ಊರ ಹೊರಗೆ ಜಾಗ ಕೊಟ್ಟರೆ ಹೋಗಲು ಒಪ್ಪಿಗೆಯೇ? ಸಾಹೇಬರಿಗೆ ಯಾದಗಿರಿ ಬಸ್ಸಿನ ಅವಸರ. "ಎರಡಕ್ಕೂ ಸೇರಿಸಿ ಬರೆದುಬಿಡಿ ಮೇಷ್ಟ್ರೇ" ಎಂದರು. ಆ ಪ್ರಶ್ನೆಯನ್ನು ಕೇಳದೆಯೇ ಎರಡು ಸಾಲಿಗೂ ಸೇರಿಸಿ "ರಾಜೀಖುಷಿ" ಎಂದು ಬರೆದೆ. ಚಾಚಿ ಕೆಳಗೆ ಉರ್ದುವಿನಲ್ಲಿ ರುಜು ಹಾಕಿದಳು. ಹನ್ನೊಂದು ಮನೆಗಳಲ್ಲೂ ಹೀಗೇ ಆಯಿತು. ನಿಮ್ಮ ಅಕ್ಷರ ಮುತ್ತಿನಂತಿದೆ ಎಂದು ಸಾಹೇಬರು ಹೊಗಳಿದರು. ಹಾಳಾದ ಅಕ್ಷರ!

ಮನೆ ಮಾರುವವರು, ಹೊಲ ಬಿಟ್ಟುಕೊಡುವವರು ಪತ್ರದಲ್ಲಿ "ನನ್ನ ರಾಜೀಖುಷಿಯಿಂದ ಬರೆದುಕೊಟ್ಟಿದ್ದೇನೆ" ಎಂದೇ ಬರೆಸುತ್ತಾರೆ. ಅಲ್ಲಿ ಅದಕ್ಕೆ ಸ್ವಂತ ಒಪ್ಪಿಗೆ ಎಂದೇ ಅರ್ಥ. ಅಂಥ ಪತ್ರಗಳನ್ನು ಎಷ್ಟೋ ಬರೆದವನು ನಾನು. ಆ ಹೊತ್ತಿಗೆ ಅದು ನೆನಪಾಗಲಿಲ್ಲ. ಮೂರು ತಿಂಗಳಿಗೆ ಚಾಚಿಯ ಬಾಗಿಲಿಗೆ ನೋಟೀಸು ಅಂಟಿತು: ಹತ್ತಿ ಬಜಾರು ದೊಡ್ಡದಾಗಲಿದೆ, ತಾವು ರಾಜೀಖುಷಿಯಿಂದ ಒಪ್ಪಿರುವಂತೆ ಹದಿನೈದು ದಿನದಲ್ಲಿ ಮನೆ ಖಾಲಿ ಮಾಡತಕ್ಕದ್ದು.

ಓದಿ ಹೇಳಿದವನೂ ನಾನೇ.

"ನಾ ಯಾವಾಗ ಒಪ್ಪೀನಿ?" ಎಂದಳು ಚಾಚಿ. "ಚಾ ಕೊಟ್ಟೀನಿ, ಮನಿ ಕೊಟ್ಟಿಲ್ಲ."

ಮರುದಿನ ಇಬ್ಬರೂ ಕಚೇರಿಗೆ ಹೋದೆವು. ಅಧಿಕಾರಿ ಫಾರಂ ತೆಗೆದು ನನ್ನ ಅಕ್ಷರವನ್ನೇ ನನಗೆ ತೋರಿಸಿದರು. ಅದು ತಪ್ಪು, ಅವರು ಒಪ್ಪಿಲ್ಲ ಎಂದೆ.

"ಹಾಗಾದರೆ ಆ ಓಣಿಯಲ್ಲಿ ತೃಪ್ತಿ ಇಲ್ಲವೇ? ಇಲ್ಲದಿದ್ದರೆ ಬೇರೆ ಜಾಗ ಕೊಡುತ್ತಿದ್ದೇವಲ್ಲ, ಹೋಗಲಿ. ತೃಪ್ತಿ ಇದ್ದರೆ ಈ ಕಾಗದವೇ ಸರಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಸಿಟ್ಟು ನನ್ನ ನೆತ್ತಿಗೇರಿತು. ಮೇಜು ಗುದ್ದಿ ಕೂಗಾಡಿದೆ. ಚಾಚಿ ನನ್ನ ತೋಳು ಹಿಡಿದು ಹಿಂದಕ್ಕೆಳೆದಳು.

"ನೀ ಸುಮ್ಮಕಿರು ಮಾಸ್ತರ. ಅವತ್ತೂ ನೀನೇ ಮಾತಾಡಿದಿ. ಇವತ್ತ ನಾ ಹೇಳ್ತೀನಿ. ನಾ ಹೇಳಿದ್ದಷ್ಟ ಬರಿ."

ಕಾಗದ ತೆಗೆದುಕೊಂಡೆ. ಅವಳು ಅಧಿಕಾರಿಯ ಮುಖ ನೋಡುತ್ತ ಹೇಳಿದಳು.

"ರಾಜೀನೂ ಇಲ್ಲ, ಖುಷೀನೂ ಇಲ್ಲ. ನಮ್ಮ ಕಡಿ ದೀಪ ಇಲ್ಲ. ಬಾವಿಗಿ ಬೇಲಿ ಹಾಕ್ಯಾರ, ಒಂಬತ್ತು ವರ್ಷ ಆತು ಆ ನೀರ ಮುಟ್ಟಗೊಟ್ಟಿಲ್ಲ. ಆದ್ರ ಮನಿ ನಂದು. ನನ್ನ ಗಂಡ ತಿರುಗಿ ಬಂದ್ರ ಆ ಬಾಗಿಲಿಗೇ ಬರ್ತಾನ. ನಾ ಬಿಡಂಗಿಲ್ಲ."

ಒಂಬತ್ತು ವರ್ಷದಲ್ಲಿ ಗಂಡನ ವಿಷಯ ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವಳು ಹೇಳಿದ್ದಷ್ಟನ್ನೇ ಬರೆದುಕೊಂಡೆ.

ಅಧಿಕಾರಿ ಫಾರಂ ಪಕ್ಕಕ್ಕೆ ಸರಿಸಿದರು. "ಇದು ದೂರು. ದೂರು ಕೊಟ್ಟವರು ರಾಜೀಖುಷಿಯಿಂದ ಒಪ್ಪಿದ್ದಾರೆ ಎನ್ನಲಾಗದು. ವಿಚಾರಣೆ ಮುಗಿಯುವ ತನಕ ನೋಟೀಸು ನಿಲ್ಲುತ್ತದೆ. ಆದರೆ ಎದುರಾಳಿಯ ಹೆಸರಿಲ್ಲದೆ ದೂರು ದಾಖಲಾಗದು. ಆ ಬೇಲಿ ಹಾಕಿದವರು ಯಾರು?"

ಚಾಚಿ ನನ್ನತ್ತ ತಿರುಗಿ, "ಬರಿ ಮಾಸ್ತರ" ಎಂದಳು.

ಬಾವಿ ನಮ್ಮದು. ಬೇಲಿ ಮೊದಲು ಹಾಕಿದವನು ನನ್ನ ಅಪ್ಪ. ಅವನು ಸತ್ತು ಆರು ವರ್ಷವಾಗಿದೆ. ಆ ಆರು ವರ್ಷವೂ ಬೇಸಿಗೆಯಲ್ಲಿ ಹೊಸ ಮುಳ್ಳು ತಂದು ಬಿಗಿದವನು ನಾನು. ಕಿತ್ತರೆ ನೆಂಟರು ಏನಂದಾರು ಎಂಬ ಅಂಜಿಕೆ ನನಗೆ. ಈ ಓಣಿಯಲ್ಲಿ ನಾನು ಮಾತ್ರ ರಾಜೀಖುಷಿಯಿಂದ ಇದ್ದೆ.

ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆದು ಮುಂದಿಟ್ಟೆ. ಅಧಿಕಾರಿ ಓದಿದರು.

"ಈ ಬಸವಂತ್ರಾಯ ಅನ್ನುವವನನ್ನು ಎಲ್ಲಿ ಹುಡುಕಬೇಕು?"

"ಹುಡುಕೋದೇನೂ ಬ್ಯಾಡ್ರಿ" ಎಂದೆ. "ನಾನೇ."