ಕೊನೆಯ ನಾಲ್ಕು ಅಂಕಿ

"ಪಾಸ್‌ಪೋರ್ಟ್ ನಂಬರ್ ಹೇಳಿ ಅಕ್ಕಾ, ಮೊದಲು ಒಂದಕ್ಷರ, ಆಮೇಲೆ ಏಳಂಕಿ. ಬೇಗ," ಎಂದಳು ದೂತಾವಾಸದ ಫೋನಿನಲ್ಲಿದ್ದ ಹುಡುಗಿ.

ಇಸ್ತ್ರಿಯಕ್ಕ ತನ್ನ ಕೆಲಸದ ಕೋಟಿನ ಅಂಚು ಮಗುಚಿ ದೀಪಕ್ಕೆ ಹಿಡಿದಳು. ಎಷ್ಟು ಒಗೆದರೂ ಹೋಗದ ಕಪ್ಪು ಮಸಿಯಲ್ಲಿ ಅವಳೇ ಹಾಕಿಕೊಂಡ ಗುರುತು ದುಂಡಗೆ ಕೂತಿತ್ತು. ೩೮೧೬.

"ಕೊನೇದು ಮೂರು ಎಂಟು ಒಂದು ಆರು."

"ಅದು ಸರಿ. ಅದಕ್ಕೆ ಮುಂಚಿಂದು?"

ಮುಂಚಿನದು ಇರಲಿಲ್ಲ. ಹೋಟೆಲಿನ ನೆಲಮಾಳಿಗೆಯ ಈ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಅವಳು ಹಾಕಿದ ಗುರುತೆಲ್ಲ ನಾಲ್ಕಂಕಿಯದು. ಅಂಗಿಗೂ ನಾಲ್ಕು, ದಿಂಬಿನ ಚೀಲಕ್ಕೂ ನಾಲ್ಕು. ಹೆಚ್ಚಿಗೆ ಬರೆದರೆ ಮಸಿ ದಂಡ. ಹೊಸ ಪಾಸ್‌ಪೋರ್ಟ್ ಬಂದ ದಿನ ಮ್ಯಾನೇಜರು ಸಹಿಗೆಂದು ಅದನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಮತ್ತೆ ಎತ್ತಿ ತನ್ನ ಕೋಣೆಯ ಬೀರುವಿಗೆ ಸೇರಿಸುವಷ್ಟರಲ್ಲಿ ಅವಳ ಕೈ ರೂಢಿಯಂತೆ ಕೊನೆಯ ನಾಲ್ಕಂಕಿಯನ್ನಷ್ಟೇ ಕೋಟಿನ ಅಂಚಿಗೆ ಇಳಿಸಿತ್ತು. ಎಂಟು ತಿಂಗಳ ಹಿಂದೆ ನಾದಿನಿಯನ್ನು ಕರೆಸಿಕೊಂಡಾಗ ಅವಳ ಕೋಟಿಗೂ ಹಾಗೇ ಬರೆದು, "ಇನ್ನು ನೀನು ಕಳೆದುಹೋಗಲ್ಲ ಬಿಡು" ಎಂದು ನಕ್ಕಿದ್ದಳು.

"ಹೆಸರು ನೋಡಿ ಹುಡುಕಮ್ಮಾ."

"ನಿಮ್ಮ ಹೆಸರಿನೋರು ಈ ಊರಲ್ಲೇ ಅರವತ್ತು ಜನ ಇದ್ದಾರಕ್ಕಾ. ಪಾಸ್‌ಪೋರ್ಟ್ ಕೈಲಿಲ್ಲದಿದ್ರೂ ಗಡಿ ದಾಟೋಕೆ ಚೀಟಿ ಮಾಡಿಕೊಡ್ತೀವಿ, ಆದ್ರೆ ಪೂರ್ತಿ ನಂಬರ್ ಬೇಕು. ಹನ್ನೆರಡಕ್ಕೆ ಪಟ್ಟಿ ಮುಚ್ಚುತ್ತೆ. ನಾಲ್ಕಕ್ಕೆ ಬಸ್ಸು ಗಡಿಗೆ ಹೊರಡುತ್ತೆ. ಇದೇ ಕೊನೇ ಬಸ್ಸು." ಹುಡುಗಿಯ ದನಿ ಸಣ್ಣಗಾಯಿತು. "ಹೇಗಾದ್ರೂ ಮಾಡಿ ತನ್ನಿ."

ಹನ್ನೊಂದು ಗಂಟೆ ಹತ್ತು ನಿಮಿಷ. ಮೂರು ದಿನದಿಂದ ಊರಿನ ಮೇಲೆ ಬಾಂಬು ಬೀಳುತ್ತಿತ್ತು. ನಿನ್ನೆಯಿಂದ ಮನೆಗೆ ಫೋನು ಹೋಗುತ್ತಿರಲಿಲ್ಲ. ಸರ್ಕಾರದ ಸೂಚನೆ ಮಾತ್ರ ಮೊಬೈಲಿಗೆ ಮೂರನೇ ಸಲ ಬಂದಿತ್ತು: ಒಳಗೇ ಇರಿ, ಗಾಜಿನಿಂದ ದೂರವಿರಿ, ಕಾಗದಪತ್ರ ಕೈಗೆಟುಕುವಂತೆ ಇಟ್ಟುಕೊಳ್ಳಿ. ಅದನ್ನು ಬರೆದವನ ಕಾಗದಪತ್ರ ಎಂದೂ ಇನ್ನೊಬ್ಬನ ಬೀರುವಿನಲ್ಲಿ ಇದ್ದಿರಲಾರದು.

ಮೆಟ್ಟಿಲಿಳಿದು ಮ್ಯಾನೇಜರು ಬಂದ. "ಅಕ್ಕಾ, ಎರಡು ಗಂಟೆಗೆ ಇನ್ನೂರು ಹಾಸು ಮೇಲೆ ಬೇಕು. ಓಡಿಬಂದೋರೆಲ್ಲ ನಮ್ಮಲ್ಲೇ ಇಳಿದಿದ್ದಾರೆ." ಅವಳ ಊರಿನ ಕಡೆಯವನೇ. ಅಕ್ಕಾ ಎನ್ನುತ್ತಲೇ ಕೆಲಸ ಹೇರುತ್ತಿದ್ದ, ಅಕ್ಕಾ ಎನ್ನುತ್ತಲೇ ರಜೆ ಕಡಿಯುತ್ತಿದ್ದ.

"ಬೀರು ತೆಗಿ. ನಂಬರ್ ನೋಡ್ಕೊಂಡು ವಾಪಸ್ ಇಡ್ತೀನಿ."

"ಕೀಲಿ ಮಾಲೀಕ ಸಾಹೇಬರ ಹತ್ರ. ಅವರು ಮೊನ್ನೆನೇ ವಿಮಾನ ಹತ್ತಿದ್ರು."

"ಅವರ ಪಾಸ್‌ಪೋರ್ಟಿಗೆ ಬೀರು ಇರಲಿಲ್ಲ ಅನ್ನಿ," ಎಂದಳು ನಾದಿನಿ, ಡ್ರೈಯರಿನೊಳಗಿಂದ ತಲೆ ಎತ್ತದೆ.

"ಬಾಯಿ ಮುಚ್ಚೆ. ಊರೆಲ್ಲ ನೆಲಮಾಳಿಗೆ ಹುಡುಕ್ತಿದೆ, ನೀವು ಇರೋದೇ ಇಲ್ಲಿ. ಪುಣ್ಯ ಮಾಡಿದ್ದೀರಿ." ಅವನು ಸುತ್ತ ಕಣ್ಣಾಡಿಸಿ ಜಾಗ ಅಳೆದ. "ಸೈರನ್ ಆದ್ರೆ ಗಿರಾಕಿಗಳು ಕೆಳಗಿಳೀತಾರೆ. ಆಗ ನೀವು ಮೇಲಿನ ಹಜಾರಕ್ಕೆ ಹೋಗಬೇಕಾಗುತ್ತೆ. ಎಲ್ಲರಿಗೂ ಸಾಲಲ್ಲ."

"ಹಜಾರ ಪೂರ್ತಿ ಗಾಜಲ್ವೇನೋ?"

"ಹಾಸು ಅಕ್ಕಾ, ಹಾಸು," ಎಂದು ಅವನು ತಿರುಗಿದ.

ಬಾಗಿಲಿಗೆ ಒತ್ತು ಕೊಡಲೆಂದು ಇಟ್ಟಿದ್ದ ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಇಸ್ತ್ರಿಯಕ್ಕ ಎತ್ತಿಕೊಂಡಳು. ಬಾಯ್ಲರಿನ ಪಕ್ಕದ ಅವನ ಕೋಣೆಗೆ ನಡೆದು ಬೀರುವಿನ ಬೀಗಕ್ಕೆ ಬಿಟ್ಟಳು ಒಂದು. ಮ್ಯಾನೇಜರು ಕೂಗಿಕೊಂಡು ಓಡಿಬರುವಷ್ಟರಲ್ಲಿ ನಾಲ್ಕನೆಯ ಏಟಿಗೆ ಬಾಗಿಲು ಬಾಯಿಬಿಟ್ಟಿತ್ತು.

ಮೇಲಿನ ಅರೆಯಲ್ಲಿ ಗಿರಾಕಿಗಳು ಮರೆತುಹೋದ ಟೈಗಳು, ಕನ್ನಡಕಗಳು, ಮಗುವಿನದೊಂದೇ ಒಂದು ಚಪ್ಪಲಿ. ಪ್ರತಿಯೊಂದಕ್ಕೂ ನಾಲ್ಕಂಕಿಯ ಚೀಟಿ ಕಟ್ಟಿ ಜೋಪಾನ ಮಾಡಿತ್ತು. ಕೆಳಗಿನ ಅರೆಯಲ್ಲಿ 'ಸಿಬ್ಬಂದಿ' ಎಂದು ಬರೆದ ತಗಡಿನ ಡಬ್ಬಿ. ಅದರಲ್ಲಿ ಇದ್ದದ್ದು ಒಂದು ಹಿಡಿ ರಬ್ಬರ್ ಬ್ಯಾಂಡು.

ಮ್ಯಾನೇಜರು ಡಬ್ಬಿ ಕಿತ್ತುಕೊಂಡು ತಲೆಕೆಳಗು ಮಾಡಿದ. ಮತ್ತೆ ಮಾಡಿದ.

"ಕೆಲಸದೋರು ಓಡಿಹೋಗ್ತಾರೆ, ಹುಷಾರು ಅಂತ ನಾನೇ ಸಾಹೇಬರಿಗೆ ಹೇಳಿದ್ದೆ," ಎಂದ. ಆಮೇಲೆ ಡಬ್ಬಿ ಕೆಳಗಿಟ್ಟ. "ಎಲ್ಲಾ ಜೊತೇಲೇ ತಗೊಂಡು ಹೋಗಿದ್ದಾರೆ. ನಂದೂ ಇದರಲ್ಲೇ ಇತ್ತಕ್ಕಾ."

ಇಸ್ತ್ರಿಯಕ್ಕ ಫೋನು ಎತ್ತಿಕೊಂಡಳು. ದೂತಾವಾಸಕ್ಕೆ ಮತ್ತೆ ಮತ್ತೆ ಒತ್ತಿದಳು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಹನ್ನೆರಡಾಯಿತು. ಹನ್ನೆರಡೂ ಕಾಲಿಗೆ ಸೈರನ್ ಕೂಗಿತು.

ಗಿರಾಕಿಗಳು ದಡದಡ ಇಳಿದು ಬಂದರು. ಆಗಷ್ಟೇ ಮಡಿಸಿಟ್ಟ ಹಾಸುಗಳ ಮೇಲೆ ಕೂತರು, ಇಸ್ತ್ರಿ ಮೇಜಿನ ಕೆಳಗೆ ಮಕ್ಕಳನ್ನು ತೂರಿಸಿದರು. ಕಾವಲುಗಾರ ಲಾಂಡ್ರಿಯವರನ್ನು ಮೆಟ್ಟಿಲ ಕಡೆ ಕೈ ಮಾಡಿ ಕರೆಯುತ್ತಿದ್ದ.

ಮೆಟ್ಟಿಲ ಬುಡದಲ್ಲಿ ಇಸ್ತ್ರಿಯಕ್ಕ ನಿಂತಳು. ಕಿವಿಯ ಮೇಲಿದ್ದ ಮಸಿ ಪೆನ್ನು ತೆಗೆದು ನಾದಿನಿಯ ಮುಂಗೈ ಎಳೆದುಕೊಂಡಳು. ಹೆಸರು ಬರೆದಳು, ತಂದೆಯ ಹೆಸರು ಬರೆದಳು, ಮನೆಯ ಫೋನ್ ನಂಬರಿನ ಹತ್ತೂ ಅಂಕಿ ಒಂದೂ ಬಿಡದೆ ಬರೆದು, ಬೆರಳಿಟ್ಟು ಎಣಿಸಿ ನೋಡಿದಳು.

"ತೊಳೆದ್ರೆ ಹೋಗುತ್ತಾ ಅತ್ತಿಗೆ?"

"ಹೋಗಲ್ಲ. ಆರಲಿ, ಊದಿಕೋ."

ಪೆನ್ನನ್ನು ನಾದಿನಿಯ ಕೈಗೆ ಕೊಟ್ಟು ತನ್ನ ಕೋಟಿನ ತೋಳು ಮಡಚಿದಳು. ಅವರ ಹಿಂದೆ ಮ್ಯಾನೇಜರು, ಅವಳೇ ಬೆಳಿಗ್ಗೆ ಇಸ್ತ್ರಿ ಮಾಡಿಕೊಟ್ಟ ಅಂಗಿಯ ತೋಳಿನ ಗುಂಡಿ ಬಿಚ್ಚುತ್ತಿದ್ದ.