ಕಿರಿಸೊಸೆಯ ನಿಂಬೆಗೆ ಒಂದಿಷ್ಟು ಬಿಸಿಲು

ನಮ್ಮ ಪಕ್ಕದ ಮನೆಯವರ ತೋಟದಲ್ಲಿ ಎಂಟು ದೊಡ್ಡ ಮರಗಳಿವೆ, ಎಂಟಕ್ಕೂ ಒಬ್ಬೊಬ್ಬ ಯಜಮಾನ. ಮನೆಯಲ್ಲಿ ಮಗು ಹುಟ್ಟಿದರೆ ಒಂದು ಮರ, ಸೊಸೆ ಬಂದರೆ ಇನ್ನೊಂದು. ಕೇಳಲು ಚೆನ್ನಾಗಿದೆ. ಆದರೆ ಒಬ್ಬರ ಮರಕ್ಕೆ ಇನ್ನೊಬ್ಬರು ಕತ್ತಿ ತಾಗಿಸುವಂತಿಲ್ಲ. ತಮ್ಮ ಮರದ ಕೊಂಬೆಯನ್ನು ತಾವಾದರೂ ಸವರುತ್ತಾರೋ ಎಂದರೆ ಅದೂ ಇಲ್ಲ. ತನ್ನ ಮರ ಗಿಡ್ಡವಾದರೆ ಮನೆಯಲ್ಲಿ ತನ್ನ ಮಾತೂ ಗಿಡ್ಡವಾಗುತ್ತದೆ ಎಂಬ ಭಯ ಎಲ್ಲರಿಗೂ. ಹೀಗಾಗಿ ಮರಗಳು ಜಿದ್ದಿಗೆ ಬಿದ್ದು ಬೆಳೆದವು. ಕೆಳಗೆ ಹಾಡುಹಗಲೇ ಕತ್ತಲು. ಬಾಳೆ ಬಡಕಲಾಯಿತು, ಶುಂಠಿ ಕೊಳೆಯಿತು.

ಆ ಮನೆಗೆ ಕೊನೆಗೆ ಬಂದವಳು ಕಿರಿಸೊಸೆ. ಅವಳ ಪಾಲಿನ ನಿಂಬೆಗಿಡಕ್ಕೆ ಸಿಕ್ಕಿದ್ದು ಭಾವನ ಹಲಸು, ಅತ್ತೆಯ ಮಾವು ಇವೆರಡರ ನಡುವಿನ ಸಂದಿ. ನಾಲ್ಕು ವರ್ಷವಾದರೂ ಅದರಲ್ಲಿ ಒಂದು ಹೂವಿಲ್ಲ.

ನಾನು ಸಸಿ ಬೆಳೆಸಿ ಮಾರುವವಳು. ಒಂದು ದಿನ ಆ ಭಾವ, ಊರೆಲ್ಲ ದೊಡ್ಡಣ್ಣ ಎಂದು ಕರೆಯುವ ಮನುಷ್ಯ, ನನ್ನ ನರ್ಸರಿಗೆ ಬಂದರು.

"ತಂಗಿ, ಒಂದು ಒಳ್ಳೇ ಹಲಸಿನ ಸಸಿ ಕೊಡು. ಆ ನಿಂಬೆ ಕಿತ್ತು ಅಲ್ಲಿ ಹಾಕ್ಬೇಕು."

"ನಿಂಬೆ ಏನು ತಪ್ಪು ಮಾಡ್ತು ಅಣ್ಣ?"

"ಕಾಯೇ ಬಿಡಲ್ಲ. ಸಗಣಿಗೊಬ್ಬರ ಹಾಕಿದ್ವಿ, ಹಿಂಡಿ ಹಾಕಿದ್ವಿ. ಉಂಡ ಮನೆಗೆ ಎರಡು ಬಗೆಯೋ ಗಿಡ ಅದು."

ಬಂದ ವ್ಯಾಪಾರ ಬಿಡಲು ನನಗೂ ಮನಸ್ಸಿರಲಿಲ್ಲ. ಆದರೆ ಅವರ ಹಿಂದೆಯೇ ಬಂದು ನಿಂತಿದ್ದ ಕಿರಿಸೊಸೆಯ ಮುಖ ನೋಡಿದೆ. ಎಲ್ಲರ ಮರವೂ ಉಳಿಯುತ್ತದೆ, ತನ್ನದನ್ನು ಮಾತ್ರ ಕೀಳುತ್ತಾರೆ ಎಂದು ಅವಳಿಗೆ ಅಳು ಬರುವಷ್ಟು ಅವಮಾನವಾಗಿತ್ತು. "ಮೊದಲು ಜಾಗ ನೋಡೋಣ" ಎಂದು ಹೊರಟೆ.

ಆಗ ನಡುಮಧ್ಯಾಹ್ನ. ದೊಡ್ಡಣ್ಣನನ್ನು ನಿಂಬೆಯ ಪಕ್ಕ ನಿಲ್ಲಿಸಿ, ಅವರ ಕಂಕುಳಲ್ಲಿದ್ದ ಪೇಪರ್ ಓದಲು ಹೇಳಿದೆ. ಅವರು ಅದನ್ನು ಮೂಗಿನ ಹತ್ತಿರ ತಂದರು, ಮತ್ತೆ ದೂರ ಹಿಡಿದರು.

"ಕನ್ನಡಕದ ನಂಬರ್ ಬದಲಾಗಿರ್ಬೇಕು."

"ನಂಬರ್ ಸರಿಯಾಗೇ ಇದೆ, ಬೆಳಕಿಲ್ಲ. ನಿಮಗೆ ಅಕ್ಷರ ಕಾಣದ ಕಡೆ ನಿಂಬೆ ಹೂ ಬಿಡುತ್ತಾ? ಬಿಸಿಲೇ ಅದರ ಊಟ. ಗೊಬ್ಬರ ನೆಂಚ್ಕೊಳ್ಳೋಕೆ."

"ಹಾಗಾದ್ರೆ ಎಲ್ಲ ಮರ ಕಡೀಬೇಕಾ?"

"ಬೇಡ. ನೆರಳು ಪೂರ್ತಿ ಹೋದ್ರೆ ಶುಂಠಿ ಸುಟ್ಟುಹೋಗುತ್ತೆ. ನಿಂಬೆ ತಲೆ ಮೇಲೆ ಆಕಾಶ ಬಿಡಿಸಿ. ಉಳಿದ ಕಡೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ನೆಲಕ್ಕೆ ಬಿದ್ರೆ ಸಾಕು."

"ಮರಕ್ಕೆ ನೋವಾಗಲ್ವಾ?"

"ಕೂದಲು ಕತ್ತರಿಸ್ಕೊಂಡಾಗ ನಿಮಗೆ ನೋವಾಗುತ್ತಾ?"

"ಅವನಿಗೆಲ್ಲಿ ನೆನಪಿರುತ್ತೆ, ತಲೆ ಬೋಳಾಗಿ ಹದಿನೈದು ವರ್ಷ ಆಯ್ತು" ಎಂದರು ಮಾತು ಕೇಳಿ ಹೊರಬಂದ ದೊಡ್ಡಣ್ಣನ ತಾಯಿ.

ಸವರಬೇಕು ಎಂದು ಮನೆಯವರೆಲ್ಲ ಒಪ್ಪಿದರು. ಯಾರ ಮರ ಎಂದಾಗ ಎಲ್ಲರೂ ಪಕ್ಕದವರ ಮರ ತೋರಿಸಿದರು. ನಾನು ಒಂದು ಉದ್ದ ಬಿದಿರುಗಳುವಿನ ತುದಿಗೆ ಸುಣ್ಣದಲ್ಲಿ ಅದ್ದಿದ ಬಟ್ಟೆ ಕಟ್ಟಿ ಕಿರಿಸೊಸೆಯ ಕೈಗೆ ಕೊಟ್ಟೆ. "ನಿಂಬೆ ಬುಡದಲ್ಲಿ ನಿಂತು ಮೇಲೆ ನೋಡಮ್ಮ. ಆಕಾಶ ಮುಚ್ಚಿರೋ ಕೊಂಬೆಗೆಲ್ಲ ಗುರುತು ಹಾಕು. ಯಾರದ್ದು ಅಂತ ಕೇಳ್ಬೇಡ."

ಏಳು ಕೊಂಬೆಗೆ ಸುಣ್ಣ ಬಿತ್ತು. ಅದರಲ್ಲಿ ಐದು ದೊಡ್ಡಣ್ಣನ ಹಲಸಿನವು.

"ಭಾವ, ನಾನು ಮರ ನೋಡಿ ಹಾಕ್ಲಿಲ್ಲ, ಬಿಸಿಲು ನೋಡಿ ಹಾಕ್ದೆ" ಎಂದಳು ಕಿರಿಸೊಸೆ. ನಾಲ್ಕು ವರ್ಷದಲ್ಲಿ ಅವಳು ಭಾವನೆದುರು ಆಡಿದ ಅತಿ ಉದ್ದದ ಮಾತು ಅದು.

"ಹಣ್ಣು ಮುಗೀಲಿ, ಆಮೇಲೆ ನೋಡೋಣ" ಎಂದರು ದೊಡ್ಡಣ್ಣ. ಜಾರಿಕೊಳ್ಳಲು ಹೇಳಿದ ಮಾತು. ಆದರೆ ಸವರಲು ಅದೇ ಸರಿಯಾದ ಕಾಲ, ನಾನು ಆ ಮಾತನ್ನೇ ಹಿಡಿದುಕೊಂಡೆ.

ಹಣ್ಣು ಮುಗಿದ ವಾರವೇ ಮರ ಹತ್ತುವವನು ಬಂದ. ಕೊಂಬೆಗೆ ಮೊದಲು ಕೆಳಗಿನಿಂದ ಸ್ವಲ್ಪ ಗರಗಸ ಹಾಕಿ, ಆಮೇಲೆ ಮೇಲಿನಿಂದ ಕೊಯ್ದ. ಹಾಗಾಗಿ ತೊಗಟೆ ಸೀಳಲಿಲ್ಲ. ಯಾವ ಮರದಲ್ಲೂ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಲಿಲ್ಲ. ಹಲಸಿನ ಕೊಂಬೆ ಬಿದ್ದಾಗಲೆಲ್ಲ ದೊಡ್ಡಣ್ಣ ಅಯ್ಯೋ ಎನ್ನುತ್ತಿದ್ದರು, ಮಾವಿನದು ಬಿದ್ದಾಗ ಮಾತ್ರ ಸುಮ್ಮನಿದ್ದರು. ಸೊಪ್ಪು ಸುಡಲು ಬೆಂಕಿಪೊಟ್ಟಣ ತೆಗೆದರು, ನಾನು ಕಿತ್ತುಕೊಂಡೆ. ಸೊಪ್ಪನ್ನೆಲ್ಲ ಗಿಡಗಳ ಸುತ್ತ, ಕಾಂಡಕ್ಕೆ ತಾಗದಂತೆ ಹೊದಿಸಿದೆವು. ನೆಲ ತಂಪಾಗಿರುತ್ತದೆ, ಕೊಳೆತರೆ ಗೊಬ್ಬರ.

ಮುಂದಿನ ಹಂಗಾಮಿನಲ್ಲಿ ನಿಂಬೆ ಹೂ ಬಿಟ್ಟಿತು. ನನಗೆ ನಿಜವಾಗಿಯೂ ಖುಷಿಯಾಯಿತು. ದೊಡ್ಡಣ್ಣ ಮತ್ತೆ ಬಂದರು.

"ಎರಡು ನಿಂಬೆ ಸಸಿ ಕೊಡು."

"ಯಾರ ಹೆಸರಿಗೆ ಅಣ್ಣ?"

"ಹೆಸರಿನ ಗೋಜೇ ಬೇಡ. ಎಲ್ಲಿ ನೆಡ್ಬೇಕು, ಯಾವ ಕೊಂಬೆ ತೆಗೀಬೇಕು, ಎಲ್ಲ ನಮ್ಮ ಕಿರಿಸೊಸೆ ಹೇಳ್ತಾಳೆ. ನಾವು ಕೇಳ್ತೀವಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ಮಧ್ಯಾಹ್ನ ನಿಮ್ಮ ತೋಟದ ಅತಿ ಚಿಕ್ಕ ಗಿಡದ ಪಕ್ಕ ನಿಂತು ಮೇಲೆ ನೋಡಿ. ಆಕಾಶ ಕಾಣದಿದ್ದರೆ ಗಿಡವನ್ನು ಬೈಯಬೇಡಿ. ಹಣ್ಣು ಮುಗಿದ ಮೇಲೆ ಕೆಲಸ ಗೊತ್ತಿರುವವರಿಂದ ಕೊಂಬೆ ಸವರಿಸಿ. ನೀವೇ ಮರ ಹತ್ತಿ ಸೊಂಟ ಮುರಿದುಕೊಳ್ಳಬೇಡಿ. ಸೊಪ್ಪು ಸುಡಬೇಡಿ. ಮತ್ತೆ, ಶುರು ಮಾಡುವುದಾದರೆ ನಿಮ್ಮ ಮರದಿಂದಲೇ ಶುರು ಮಾಡಿ.