ಕೊಂಬು ಬಾಗಿದ ಮೇಕೆ

"ಅಂಕಪಟ್ಟೀನ ನಾನು ಅರ್ಧ ನಿಮಿಷ ನೋಡ್ತೀನಿ. ನೀವು ಮಾಡಿರೋ ಕೆಲಸದ ಮುಂದೆ ಮಾತ್ರ ಕೂತೇ ಬಿಡ್ತೀನಿ. ಇಂಟರ್ವ್ಯೂನಲ್ಲಿ ಏನಾದ್ರೂ ಮಾಡ್ಕೊಂಡು ಬನ್ನಿ ಅಂದ್ರೆ ಕಾಟಾಚಾರಕ್ಕೆ ಮಾಡಬೇಡಿ."

ಪ್ಲೊವ್‌ದಿವ್‌ ನಗರದ ಕಲಾ ಕಾಲೇಜಿನಲ್ಲಿ ಸ್ನೆಜಾನಾ ಪ್ರತಿ ವಸಂತದಲ್ಲೂ ಕೊನೆಯ ವರ್ಷದವರಿಗೆ ಹೀಗೆ ಹೇಳುತ್ತಿದ್ದಳು. ಊರಾಚೆಯ ಉಪ್ಪಿನಕಾಯಿ ಕಾರ್ಖಾನೆಗೆ ಜನರನ್ನು ಆರಿಸುವುದು ಅವಳ ಕೆಲಸ.

ಹಿಂದಿನ ಸಾಲಿನಲ್ಲಿ ಕಾಲಿನಾ ಎದ್ದು ನಿಂತಳು. ಬೆಟ್ಟದೂರು ಸ್ಮೊಲ್ಯಾನ್ ಕಡೆಯ ಹುಡುಗಿ. ಬೆಳಿಗ್ಗೆ ಬೇಕರಿಯಲ್ಲಿ ಬಾನಿತ್ಸಾ ಎಂಬ ಚೀಸ್ ತುಂಬಿದ ಪದರ ತಿಂಡಿ ಮಾರಿ, ತೋಳಿನ ಮೇಲೆ ಹಿಟ್ಟು ಹಾಗೇ ಇರುವಾಗ ತರಗತಿಗೆ ಬರುತ್ತಿದ್ದಳು.

"ಮೇಡಂ, ನಾವು ಮಾಡಿ ತಂದಿದ್ದನ್ನ ಇಟ್ಕೊಂಡು ನಮ್ಮನ್ನ ಓಡಿಸಿದ್ರೆ?"

ಎಲ್ಲರೂ ನಕ್ಕರು. ಸ್ನೆಜಾನಾಳೂ ನಕ್ಕಳು. "ನಮ್ಮಲ್ಲಿ ಅಂಥದ್ದೆಲ್ಲ ನಡೆಯಲ್ಲ ಕಣಮ್ಮ. ನಾನಿದೀನಲ್ಲ."

ಆ ಸಲ ಕಾರ್ಖಾನೆಯಲ್ಲಿ ಚಿತ್ರ ಬರೆಯುವವರ ಹುದ್ದೆ ಒಂದೇ. ಇಂಟರ್ವ್ಯೂಗೆ ಹೊಸ ಲ್ಯುತೆನಿತ್ಸಾ, ಅಂದರೆ ಕೆಂಪು ಮೆಣಸಿನ ಗೊಜ್ಜಿನ ಶೀಶೆಗೆ ಲೇಬಲ್ ಬರೆದು ತರಬೇಕಿತ್ತು. ಕಾಲಿನಾ ಒಂದು ಮೇಕೆ ಬರೆದು ತಂದಳು. ಕೊರಳಿಗೆ ಮೆಣಸಿನಕಾಯಿ ಹಾರ, ಒಂದು ಕೊಂಬು ಬಾಗಿದೆ, ಖಾರಕ್ಕೆ ನಾಲಿಗೆ ಹೊರಗೆ. ಮಾರಾಟ ವಿಭಾಗದ ಪ್ಲಾಮೆನ್ ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಅವನ ಮದುವೆಯಲ್ಲಿ ಧರ್ಮಸಾಕ್ಷಿಯಾಗಿ ನಿಂತವಳು ಸ್ನೆಜಾನಾ. ಅದಕ್ಕೇ ಅವನು ಅವಳನ್ನು "ಕುಮಾ" ಎಂದೇ ಕರೆಯುತ್ತಿದ್ದ.

ಕೆಲವು ದಿನಗಳ ಮೇಲೆ ಅವನೇ ಬಂದು, "ಹುದ್ದೆ ರದ್ದಾಯ್ತು ಕುಮಾ, ಮೇಲಿನವರ ತೀರ್ಮಾನ" ಎಂದ. ಸ್ನೆಜಾನಾ ಮುಖ ಸಣ್ಣ ಮಾಡಿಕೊಂಡೇ ಕಾಲಿನಾಳಿಗೆ ಫೋನಿನಲ್ಲಿ ತಿಳಿಸಿದಳು. "ಬೇಜಾರು ಮಾಡ್ಕೋಬೇಡ, ನಿನ್ನ ಕೆಲಸ ಅವರ ಮನಸ್ಸಲ್ಲಿ ಉಳಿದಿದೆ" ಎಂದು ಸಮಾಧಾನವನ್ನೂ ಹೇಳಿದಳು.

ಶರತ್ಕಾಲದಲ್ಲಿ ಒಂದು ದಿನ ಮನೆ ಪಕ್ಕದ ಅಂಗಡಿಗೆ ಹೋದಾಗ ಕಪಾಟಿನ ತುಂಬ ಶೀಶೆಗಳ ಮೇಲೆ ಅದೇ ಮೇಕೆ. ಸ್ನೆಜಾನಾಳಿಗೆ ಮೊದಲು ಆದದ್ದು ಖುಷಿ. ಕೊನೆಗೂ ಮೇಲಿನವರೇ ಹುಡುಗಿಯನ್ನು ಕರೆದುಕೊಂಡಿದ್ದಾರೆ! ಅಲ್ಲೇ ನಿಂತು ಫೋನ್ ಮಾಡಿದಳು.

"ಕಳ್ಳಿ, ನಂಗೊಂದು ಮಾತು ಹೇಳಬಾರದಿತ್ತಾ? ನಿನ್ನ ಮೇಕೆ ಅಂಗಡಿಗೇ ಬಂದುಬಿಟ್ಟಿದೆ!"



"ಯಾವ ಅಂಗಡಿಗೆ, ಮೇಡಂ?"

ಸ್ನೆಜಾನಾ ಕೈಯಲ್ಲಿದ್ದ ಶೀಶೆಯನ್ನು ಮೆಲ್ಲಗೆ ಕಪಾಟಿನಲ್ಲಿಟ್ಟಳು.

ಮರುದಿನ ಅವಳು ಕೇಳಲು ಹೋದಾಗ ಪ್ಲಾಮೆನ್ ಕಾಫಿ ಕಲಕುತ್ತ ಕೂತಿದ್ದ. "ಒಂದು ಮೇಕೆಗೆ ಇಷ್ಟೊಂದು ರಂಪಾನಾ ಕುಮಾ? ಹುದ್ದೆ ಅಂತ ಯಾವತ್ತಿತ್ತು? ಹುಡುಗರ ತಲೇಲಿ ಹೊಸಹೊಸದು ಇರುತ್ತೆ, ನಮಗೆ ಅದು ಬೇಕಿತ್ತು."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅವರ ಮುಂದೆ ನಿಂತು ಹಾಗೆ ಮಾತಾಡ್ತಿದ್ಯಾ? ನೀನು ನಂಬಿದ್ರೆ ತಾನೇ ಅವರು ನಂಬೋದು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ಅವನು ಅದನ್ನು ಹೊಗಳಿಕೆಯ ಹಾಗೆ ಹೇಳಿದ್ದ. ಇಷ್ಟು ವರ್ಷ ತನ್ನ ಬಾಯಿಂದ ಬಂದ ನೇರ ಮಾತನ್ನೇ ಇವರು ಗಾಳಕ್ಕೆ ಸಿಕ್ಕಿಸಿದ್ದರು. ಇನ್ನೆಷ್ಟು ಹುಡುಗರ ಚಿತ್ರಗಳು ಹೀಗೆ ಹೋಗಿವೆಯೋ ಎಂದು ಕೇಳುವ ಧೈರ್ಯವೂ ಅವಳಿಗೆ ಬರಲಿಲ್ಲ.

ಅಂದೇ ಕೆಲಸ ಬಿಟ್ಟಳು. ಕಾಲಿನಾ ಗೊತ್ತುಮಾಡಿಕೊಂಡ ವಕೀಲೆಯ ಬಳಿ ಹೋಗಿ, ಹುಡುಗಿಯ ಪರ ಸಾಕ್ಷಿ ಹೇಳಲು ಒಪ್ಪಿದಳು. ಕಾಲೇಜಿಗೆ ಮತ್ತೆ ಹೋಗಿ, ನಡೆದದ್ದನ್ನು ಮುಚ್ಚಿಡದೆ ಹೇಳಿದಳು: "ಬರೀ ಕಚ್ಚಾ ಚಿತ್ರ ತೋರಿಸಿ, ಮೇಲೆ ಹೆಸರು ಬರೀರಿ. ಪೂರ್ತಿ ಕೆಲಸ ಬೇಕು ಅಂದ್ರೆ ಮೊದಲು ಕೂಲಿ ಕೇಳಿ." ಹುಡುಗರು ಈ ಸಲ ನಗಲಿಲ್ಲ. ಒಬ್ಬಳಂತೂ ಅವಳನ್ನು ಅಡಿಯಿಂದ ಮುಡಿವರೆಗೆ ಅಳೆಯುವಂತೆ ನೋಡಿದಳು.

ಕಾರ್ಖಾನೆ ಕೋರ್ಟಿನವರೆಗೆ ಎಳೆಯಲಿಲ್ಲ. ಪರಿಹಾರ ಕೊಟ್ಟು, ಮೇಕೆಯನ್ನು ಹಿಂದಕ್ಕೆ ಪಡೆಯಿತು. ವಕೀಲೆಯ ಮನೆ ಮೆಟ್ಟಿಲಿಳಿಯುವಾಗ ಸ್ನೆಜಾನಾ ಕಾಲಿನಾಳನ್ನು ಕೇಳಿದಳು: "ಬೇರೆ ಕಡೆ ಪ್ರಯತ್ನ ಮಾಡ್ತಿದೀಯಾ?"

"ಹೋಗ್ತೀನಿ. ಬ್ಯಾಗಿಂದ ಚಿತ್ರ ತೆಗೆಯೋಕೆ ಕೈ ಬರಲ್ಲ. ಏನೂ ಮಾಡಿಲ್ಲ ಅಂದು ಎದ್ದು ಬರ್ತೀನಿ."

"ಹಾಗೆ ಮಾಡಬೇಡ ಕಾಲಿನಾ, ನೋಡು..."

"ಬೇಡ ಮೇಡಂ. ನೀವು ಬೇಕಂತ ಮಾಡಿಲ್ಲ, ಗೊತ್ತು. ಆದ್ರೂ ಇನ್ನು ನಂಗೆ ಏನೂ ಹೇಳಬೇಡಿ."

ಬಸ್ಸು ಬಂದಿತ್ತು. ಕಾಲಿನಾ ಕಿಟಕಿಯ ಪಕ್ಕ ಕೂತಳು, ಆದರೆ ಹೊರಗೆ ನೋಡಲಿಲ್ಲ.